ಬಾಲದಲ್ಲಿ ಅರವತ್ತೊಂದು

ಕಳೆದ ವಾರ ಹೊಸ ಕಂಪನಿಯ ಇಂಟರ್‌ನೆಟ್ ಹಾಕಲು ಒಬ್ಬ ಟೆಕ್ನಿಷಿಯನ್ ಮನೆಗೆ ಬಂದಿದ್ದರು. ಸ್ಟೂಲ್ ಹತ್ತಿ, ಬೀರುವಿನ ಮೇಲಿದ್ದ ಹಳೆಯ ರೂಟರ್ ಡಬ್ಬಿಯನ್ನು ಇಳಿಸಿ, ಎರಡು ಕೈಯಲ್ಲೂ ಹಿಡಿದು ತಿರುಗಿಸಿ ನೋಡಿದರು. ಡಬ್ಬಿಗೆ ಬಿಳಿ ಪ್ಲಾಸ್ಟರ್ ಸುತ್ತಿತ್ತು. ಆಸ್ಪತ್ರೆಯಲ್ಲಿ ಗಾಯದ ಮೇಲೆ ಅಂಟಿಸುವ ಪ್ಲಾಸ್ಟರ್, ಮೂರು ಸುತ್ತು.

"ಮೇಡಂ, ಇದಕ್ಕೇನು ಆಕ್ಸಿಡೆಂಟ್ ಆಗಿತ್ತಾ?"

ನನಗೆ ಹದಿನೆಂಟು ವರ್ಷ. ಯಾರಾದರೂ ಮೇಡಂ ಅಂದಿದ್ದು ಅದೇ ಮೊದಲು. ಗತ್ತಿನಿಂದ, "ಹೂಂ, ಮೇಜರ್ ಆಪರೇಷನ್. ಹುಷಾರಾಗಿ ಹಿಡ್ಕೊಳಿ" ಅಂದೆ. ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಧೂಳು ಊದಿದರು. ಪ್ಲಾಸ್ಟರಿನ ಗೋಂದಿನ ವಾಸನೆ, ಅದರ ಹಿಂದೆಯೇ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಂತು. ನಿಜವಾಗಿ ಬಂತೋ, ನಾನೇ ನೆನೆಸಿಕೊಂಡೆನೋ... ಮೂರು ವರ್ಷದ ಮೇಲೆ ಸ್ಪಿರಿಟ್ಟಿನ ವಾಸನೆ ಎಲ್ಲಿ ಉಳಿದಿರುತ್ತದೆ. ಆದರೆ ನನ್ನ ನಗು ಅಲ್ಲಿಗೇ ನಿಂತುಹೋಯಿತು.

ಆ ಪ್ಲಾಸ್ಟರ್ ಸುತ್ತಿದ್ದು ನೆಟ್ ಅಂಕಲ್.

ಲಿಂಗರಾಜಪುರದಲ್ಲಿ ನಮ್ಮ ರಸ್ತೆಯ ತುದಿಗೆ ಒಂದು ಬೇಕರಿ ಇತ್ತು, ಬೇಕರಿಯ ಮೇಲೆ ಒಂದು ರೂಮು, ಆ ರೂಮಿನಲ್ಲಿ ನೆಟ್ ಅಂಕಲ್. ಕೆಳಗಿನಿಂದ ಬೇಕರಿಯ ಒಲೆ, ಸುತ್ತಲೂ ಇಪ್ಪತ್ತನಾಲ್ಕು ಗಂಟೆ ಓಡುವ ಮಷೀನುಗಳು. ಅಲ್ಲಿ ಅರ್ಧ ಗಂಟೆ ಕೂತರೆ ಮನುಷ್ಯ ಎರಡೂ ಬದಿ ಹದವಾಗಿ ಬೆಂದು ಹೊರಗೆ ಬರುತ್ತಿದ್ದ. ಮಷೀನುಗಳ ಫ್ಯಾನಿನ ಸದ್ದು ಎಷ್ಟಿತ್ತೆಂದರೆ, ಅಂಕಲ್‌ಗೆ ಫೋನ್ ರಿಂಗಾದದ್ದು ಕೆಳಗೆ ಬೇಕರಿಯವರಿಗೆ ಮೊದಲು ಕೇಳಿಸಿ, ಅವರು ಸೌಟಿನಿಂದ ಚಾವಣಿ ಕುಟ್ಟಿ ಹೇಳಬೇಕಾಗಿತ್ತು. ಮೊದಲು ಅಂಕಲ್ ಏರಿಯಾಕ್ಕೆಲ್ಲ ಕೇಬಲ್ ಟಿವಿ ಕೊಡುತ್ತಿದ್ದರಂತೆ. ಆಮೇಲೆ ಇಂಟರ್‌ನೆಟ್. ಲಿಂಗರಾಜಪುರದಲ್ಲಿ ಒಂದಷ್ಟು ಮನೆ, ಆ ಕಡೆ ರಿಚರ್ಡ್ಸ್ ಟೌನಿನಲ್ಲಿ ಒಂದಷ್ಟು ಮನೆ, ಅಷ್ಟೇ ಅವರ ಸಾಮ್ರಾಜ್ಯ.

ಆ ಸಾಮ್ರಾಜ್ಯದಲ್ಲಿ ಯಾರಿಗೂ ಹೆಸರಿರಲಿಲ್ಲ. ನಂಬರಿತ್ತು.

ಇಂಟರ್‌ನೆಟ್ಟಿನಲ್ಲಿ ಪ್ರತಿ ಮನೆಗೂ ಒಂದು ನಂಬರ್ ಬೇಕು. ನಾವು ಕೇಳಿದ್ದು ನಮ್ಮ ಮನೆಗೇ ಬರಬೇಕಲ್ಲ, ಪಕ್ಕದ ಮನೆಗೆ ಹೋಗಬಾರದು. ಆಗ ಇದ್ದ ನಂಬರಿನಲ್ಲಿ ನಾಲ್ಕು ತುಂಡು. ಮೊದಲ ಮೂರು ತುಂಡು ಅಂಕಲ್ ಕಡೆಯ ಎಲ್ಲ ಮನೆಗಳಿಗೂ ಒಂದೇ, ಕೊನೆಯ ತುಂಡು ಮಾತ್ರ ಅವರವರದು. ಅಂಕಲ್ ಆ ಕೊನೆಯ ತುಂಡನ್ನೇ ಹಿಡಿದು ಎಲ್ಲರನ್ನೂ ಕರೆಯುತ್ತಿದ್ದರು. "ಏನ್ ಮೂವತ್ತೇಳು, ಮಂಡಿ ನೋವು ಹೆಂಗಿದೆ?" "ತೊಂಬತ್ತು, ನಿಮ್ಮನೆ ನಾಯಿ ಮತ್ತೆ ವೈರ್ ಕಚ್ಚಿದೆ ನೋಡಿ." ಹೊಸಬರು ಕೇಳಿಸಿಕೊಂಡರೆ, ಜೈಲಿನಿಂದ ಬಿಡುಗಡೆಯಾದವರೆಲ್ಲ ಸೇರಿ ಒಂದೇ ಏರಿಯಾದಲ್ಲಿ ಮನೆ ಮಾಡಿದ್ದಾರೆ ಅಂದುಕೊಳ್ಳಬೇಕು. ನಾವು ಅರವತ್ತೊಂದು.

ನಾನು ಅವರ ರೂಮಿನ ಮೆಟ್ಟಿಲು ಮೊದಲ ಸಲ ಹತ್ತಿದ್ದು ಜಗಳಕ್ಕೆ. ಒಂಬತ್ತನೇ ಕ್ಲಾಸ್ ಮುಗಿದ ಬೇಸಿಗೆ ರಜೆ. ನಮ್ಮ ಮನೆಯಲ್ಲಿ ಇಬ್ಬರೇ, ನಾನು ಮತ್ತು ಅಮ್ಮ. ಅಮ್ಮ ಶಿವಾಜಿನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ಹೋದರೆ ಬರುವುದು ಸಂಜೆಯ ಮೇಲೆ. ಅಲ್ಲಿಯವರೆಗೆ ನಾನು, ಫ್ಯಾನು, ಇಂಟರ್‌ನೆಟ್ಟು. ಒಂದು ದಿನ ನೆಟ್ ಹೋಯಿತು. ಫ್ಯಾನಿನ ಜೊತೆ ಎಷ್ಟು ಹೊತ್ತು ಮಾತಾಡುವುದು... ಹತ್ತು ನಿಮಿಷ ಕಾದು, ಚಪ್ಪಲಿ ಅದಲು ಬದಲು ಹಾಕಿಕೊಂಡು, ಇಡೀ ಲಿಂಗರಾಜಪುರಕ್ಕೆ ಬೆಂಕಿ ಹಚ್ಚುವವಳ ಹಾಗೆ ಹೋದೆ.

ಅಂಕಲ್ ತಿರುಗಿಯೂ ನೋಡದೆ, "ಅರವತ್ತೊಂದಾ? ಸಿಸ್ಟರ್ ಮಗಳು ತಾನೆ. ಐದ್ ನಿಮಿಷ ಕೂತ್ಕೊ ಬೇಟಾ, ಕಂಬದ ಮೇಲೆ ವೈರ್ ಕಟ್ಟಾಗಿದೆ, ಕೂಲಿ ಹುಡುಗ್ರು ಹಾಕ್ತಾವ್ರೆ" ಅಂದರು.

"ನಾನೇ ಅರವತ್ತೊಂದು ಅಂತ ಹೆಂಗ್ ಗೊತ್ತಾಯ್ತು?"

"ಇಡೀ ರೋಡಲ್ಲಿ ಈ ಟೈಮಲ್ಲಿ ಮನೇಲಿರೋದು ನೀನೊಬ್ಳೇ."

ಅವರ ಎದುರು ಒಂದು ದೊಡ್ಡ ಸ್ಕ್ರೀನ್ ಇತ್ತು. ಅದರ ತುಂಬ ಸಾಲುಸಾಲಾಗಿ ಸಣ್ಣ ದೀಪಗಳ ಚಿತ್ರ. ಒಂದೊಂದು ಮನೆಗೆ ಒಂದೊಂದು ದೀಪ. ಮನೆಯ ಡಬ್ಬಿ ಆನ್ ಇದ್ದರೆ ಹಸಿರು, ಆಫ್ ಆದರೆ ಕೆಂಪು. ನಾವೆಲ್ಲ ಅದನ್ನು ಬೋರ್ಡ್ ಅನ್ನುತ್ತಿದ್ದೆವು. ಯಾರು ಏನು ನೋಡುತ್ತಿದ್ದಾರೆ ಅನ್ನುವುದೆಲ್ಲ ಅವರಿಗೆ ಕಾಣುತ್ತಿರಲಿಲ್ಲ, ಬರೀ ದೀಪ. ಆದರೆ ಸ್ಕೂಲಿನಲ್ಲಿ ನಾನು ಹೇಳಿದ್ದೇ ಬೇರೆ. ನಮ್ಮ ನೆಟ್ ಅಂಕಲ್ ಮಿಲಿಟರಿಯ ರಹಸ್ಯ ವಿಭಾಗದಲ್ಲಿದ್ದವರು, ಹಲಸೂರಿನ ಕಡೆಯಿಂದ ಜೀಪ್ ಬಂದು ಅವರನ್ನು ಕೇಳಿಕೊಂಡು ಹೋಗುತ್ತದೆ ಎಂದು. ಮೂವರು ನಂಬಿದ್ದರು.

"ಬೇರೆಯವ್ರದ್ದು ಹೊರಗೋಗುವಾಗ ಆಫ್ ಆಗತ್ತೆ" ಎಂದು ಅಂಕಲ್ ಬೋರ್ಡಿನಲ್ಲಿ ಅರವತ್ತೊಂದರ ಮೇಲೆ ಬೆರಳಿಟ್ಟರು. "ನಿಂದು ಮಾತ್ರ ಆಫೇ ಆಗಲ್ಲ. ಊಟ ಮಾಡಿದ್ಯಾ?"

ಮಾಡಿರಲಿಲ್ಲ. ಅವರು ಕೆಳಗೆ ಕೂಗಿ ಎರಡು ಖಾರದ ಬನ್ ತರಿಸಿದರು. ಆ ದಿನ ನೆಟ್ ಐದು ನಿಮಿಷಕ್ಕೇ ಬಂತು. ನಾನು ಮನೆಗೆ ಹೋದದ್ದು ಎರಡು ಗಂಟೆ ಬಿಟ್ಟು.

ಆಮೇಲೆ ಏನಾದರೂ ಒಂದು ನೆಪ ಹೇಳಿಕೊಂಡು ದಿನಾ ಹೋಗತೊಡಗಿದೆ. ಅಂಥ ಒಂದು ದಿನ ಅಂಕಲ್ ಕನ್ನಡಕವನ್ನು ಹಣೆಗೇರಿಸಿಕೊಂಡು ಒಂದು ಮೇಲ್ ಓದುತ್ತ ಕೂತಿದ್ದರು. ಅವರಿಗೆ ನಂಬರುಗಳನ್ನು ಬಾಡಿಗೆಗೆ ಕೊಟ್ಟಿದ್ದ ಮೇಲಿನ ಕಂಪನಿಯದು. ಪ್ರಪಂಚದಲ್ಲಿ ಹಳೆಯ ನಂಬರುಗಳು ಖಾಲಿಯಾಗಿವೆ, ಶುರು ಮಾಡಿದವರು ಇಷ್ಟು ಜನ ಬರುತ್ತಾರೆಂದು ಅಂದುಕೊಂಡಿರಲಿಲ್ಲ, ಮದುವೆ ಊಟಕ್ಕೆ ಎಲೆ ಕಡಿಮೆ ಬಿದ್ದ ಹಾಗೆ. ಈಗ ಇರುವುದು ಹೊಸ ನಂಬರು, ಉದ್ದದ್ದು. ಎರಡು ತಿಂಗಳೊಳಗೆ ನಿಮ್ಮ ಎಲ್ಲ ಮನೆಗಳನ್ನೂ ಉದ್ದದ ನಂಬರಿಗೆ ಸಾಗಿಸಿ, ಆ ದಿನ ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತೇವೆ. ಇದು ಮೇಲ್‌ನ ಸಾರಾಂಶ. ಕೆಳಗೆ ಮಾದರಿಗೆಂದು ಒಂದು ಹೊಸ ನಂಬರನ್ನೂ ಹಾಕಿದ್ದರು. ಎಂಟು ತುಂಡು, ತುಂಡಿಗೆ ನಾಲ್ಕಕ್ಷರ, ಮಧ್ಯೆ ಮಧ್ಯೆ ಇಂಗ್ಲಿಷ್ ಅಕ್ಷರ ಬೇರೆ.

"ಇದು ನಂಬರಾ ಬೇಟಾ, ಇಲ್ಲಾ ಯಾರಾದ್ರೂ ಕೀಬೋರ್ಡ್ ಮೇಲೆ ಕೂತಿದ್ರಾ?"

"ಒಂಬತ್ತರ ತನಕ ಎಣಿಸಿ ಬೋರಾಯ್ತಂತೆ ಅಂಕಲ್, ಅದಕ್ಕೆ ಮುಂದೆ ಎ ಬಿ ಸಿ ಡಿ ಹಾಕ್ಬಿಟ್ರು. ನಂಗೆ ಇದೆಲ್ಲಾ ಗೊತ್ತು."

ನನಗೆ ಏನೂ ಗೊತ್ತಿರಲಿಲ್ಲ. ಮೊದಲ ವಾಕ್ಯ ನಿಜಕ್ಕೆ ಸ್ವಲ್ಪ ಹತ್ತಿರ ಇದ್ದದ್ದು ಅಕಸ್ಮಾತ್ತು. ಆದರೆ ಹೇಳಿದ ಮೇಲೆ ಹಿಂದೆ ಹೋಗುವ ಅಭ್ಯಾಸ ನನಗಿಲ್ಲ.

ಅಂಕಲ್ ನಗಲಿಲ್ಲ. ಆ ವಾರ ಎಲ್ಲರ ಗೇಟಿನಲ್ಲೂ ದೊಡ್ಡ ಕಂಪನಿಯೊಂದರ ಪಾಂಪ್ಲೆಟ್ ಸಿಕ್ಕಿಸಿದ್ದರು. ಒಂದು ದಿನ ಬೋರ್ಡ್ ಪೂರ್ತಿ ಕೆಂಪಾದರೆ ಸಾಕು, ಜನ ಸಂಜೆಯೊಳಗೆ ಆ ಪಾಂಪ್ಲೆಟ್ಟಿನ ನಂಬರಿಗೆ ಫೋನ್ ಮಾಡಿರುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು.

"ಇದೂ ಹೋದ್ರೆ ಮನೇಲ್ ಕೂತು ಏನ್ ಮಾಡ್ಲಿ" ಅಂದರು, ನನಗಲ್ಲ, ಸ್ಕ್ರೀನಿಗೆ. "ಮನೇಲಿ ಯಾರವ್ರೆ."

ಹೀಗೆ ನನ್ನ ಕೆಲಸ ಶುರುವಾಯಿತು. ಮನೆಯಲ್ಲಿ ವಿಡಿಯೋ ನೋಡಿ ನೋಡಿ ಕಲಿತು, ರೂಮಿಗೆ ಬಂದು ಹುಟ್ಟುವಾಗಲೇ ಗೊತ್ತಿತ್ತು ಅನ್ನುವ ಹಾಗೆ ಹೇಳುತ್ತಿದ್ದೆ. ನನ್ನ ಪ್ಲಾನ್ ಸುಲಭ. ಮೊದಲು ಪ್ರತಿ ಮನೆಗೂ ಹೊಸ ನಂಬರನ್ನು ಹಳೆಯದರ ಪಕ್ಕದಲ್ಲೇ ಕೊಡುವುದು. ಸ್ವಲ್ಪ ದಿನ ಎರಡೂ ಇರಲಿ. ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಬಿಡುವುದು. ಕೆಲವು ಡಬ್ಬಿಗಳು ತೀರಾ ಮುದುಕರು, ಉದ್ದದ ನಂಬರ್ ಹೇಳಿದರೆ ಕಿವಿ ಕೇಳಿಸದವರ ಹಾಗೆ ಸುಮ್ಮನಿರುತ್ತಿದ್ದವು. ಅಂಥವುಗಳ ಬದಲಿಗೆ ಅಂಕಲ್ ಶಿವಾಜಿನಗರದಿಂದ ಬೇರೆ ಡಬ್ಬಿ ತರುತ್ತಿದ್ದರು. ನಂಬರನ್ನೇನೋ ಕಂಪ್ಯೂಟರೇ ತನಗೆ ತೋಚಿದಂತೆ ಹಂಚಲಿ, ನಾವೇಕೆ ತಲೆಕೆಡಿಸಿಕೊಳ್ಳಬೇಕು ಎಂದಿದ್ದೆ.

ಆ ಪ್ಲಾನಿಗೆ ಕಲ್ಲು ಹಾಕಿದವರು ರಿಚರ್ಡ್ಸ್ ಟೌನಿನ ಹದಿನೇಳು. ರಿಟೈರ್ ಆದ ಟೀಚರ್, ಎಲ್ಲರೂ ಮಿಸ್ ಅನ್ನುತ್ತಿದ್ದರು. ನಾವು ಅವರ ವರಾಂಡದಲ್ಲಿ ನಿಂತು ಹೊಸ ನಂಬರ್ ಓದಿ ಹೇಳಿದರೆ, ಡಿಕ್ಟೇಷನ್ ತಪ್ಪು ಬರೆದವರನ್ನು ನೋಡುವ ಹಾಗೆ ನೋಡಿದರು.

"ಇದೇನ್ರೀ ಇದು? ನಾನು ಹದಿನೇಳು. ಹನ್ನೊಂದು ವರ್ಷದಿಂದ ಹದಿನೇಳು. ನೀವೇ ಬೀದೀಲಿ ಹಾಗೆ ಕರೆದೂ ಕರೆದೂ ನನಗೆ ನನ್ನ ಹೆಸರೇ ಮರ್ತೋಗಿದೆ. ಈಗ ಇದನ್ನ ಹೆಂಗ್ರೀ ಕರೀತೀರಾ, ಕಾಫಿ ಆರೋಗತ್ತೆ ಅಷ್ಟರಲ್ಲಿ."

ನಾನು ವಾದಕ್ಕೆ ಬಾಯಿ ತೆರೆದೆ. ಅಂಕಲ್ ಮಾತ್ರ ವರಾಂಡದ ಮೆಟ್ಟಿಲ ಮೇಲೆ ಕೂತು ಯೋಚಿಸಿದರು. ವಾಪಸ್ ಬರುವಾಗ ದಾರಿಯಲ್ಲಿ ಹೇಳಿದರು, "ಉದ್ದ ಎಷ್ಟಾದ್ರೂ ಆಗ್ಲಿ ಬೇಟಾ. ಬಾಲದಲ್ಲಿ ಅವರವ್ರ ನಂಬರ್ ಹಂಗೇ ಇರ್ಲಿ. ನಾವೇ ಒಂದೊಂದಾಗಿ ಕೂರ್ಸೋಣ."

ಕಂಪ್ಯೂಟರ್ ಒಂದು ಕ್ಷಣದಲ್ಲಿ ಮಾಡುವುದನ್ನು ಕೈಯಲ್ಲಿ ಮಾಡಬೇಕು, ಎಲ್ಲ ಮನೆಗೂ. ನಾನು ಗೊಣಗಿದೆ. ಆದರೆ ಆಮೇಲೆ ಒಬ್ಬರೂ ತಕರಾರು ಮಾಡಲಿಲ್ಲ. ಮಿಸ್ ಮನೆಯ ಉದ್ದನೆಯ ನಂಬರಿನ ಕೊನೆಯಲ್ಲಿ ಹದಿನೇಳು, ಮಂಡಿ ನೋವಿನವರದರಲ್ಲಿ ಮೂವತ್ತೇಳು, ನಮ್ಮದರಲ್ಲಿ ಅರವತ್ತೊಂದು. ಅಂಕಲ್ ಸ್ಟೂಲ್ ಹತ್ತಿ ಪ್ರತಿ ಡಬ್ಬಿಯನ್ನೂ ಇಳಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಆಸ್ಪತ್ರೆಯ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ನಂಬರ್ ಬರೆಯುತ್ತಿದ್ದರು. ಪ್ಲಾಸ್ಟರಿನ ಮೇಲೆ ಬರೆದ ಇಂಕು ಹೋಗುವುದಿಲ್ಲ ಅನ್ನುವುದು ಕೇಬಲ್ ಕಾಲದಿಂದ ಅವರು ಕಂಡುಕೊಂಡಿದ್ದ ವಿದ್ಯೆ. ಹಳೆಯ ನಂಬರಿಗೆ ಎರಡು ಬೆರಳಗಲ ಪ್ಲಾಸ್ಟರ್ ಸಾಕಾಗುತ್ತಿತ್ತು. ಹೊಸದಕ್ಕೆ ಡಬ್ಬಿಯನ್ನು ಮೂರು ಸುತ್ತು ಸುತ್ತಬೇಕಾಯಿತು. ಒಂದು ತಿಂಗಳಲ್ಲಿ ಇಡೀ ಏರಿಯಾದ ಡಬ್ಬಿಗಳು ಒಂದೇ ಬಸ್ಸು ಪಲ್ಟಿಯಾಗಿ ಗಾಯಗೊಂಡವರ ಹಾಗೆ ಕಾಣುತ್ತಿದ್ದವು. ಮೆಡಿಕಲ್ ಶಾಪಿನವರು ಅಮ್ಮನನ್ನು ಕರೆದು, "ಸಿಸ್ಟರ್, ಆ ಸಾಬರ ಮನೇಲಿ ಯಾರಿಗೆ ಏನಾಗಿದೆ?" ಎಂದು ವಿಚಾರಿಸಿದರಂತೆ.

ನಾನು ತಪ್ಪು ಮಾಡಿದ್ದು ಅದೇ ದಿನಗಳಲ್ಲಿ.

ಅಂಕಲ್ ಡಬ್ಬಿ ತರಲು ಶಿವಾಜಿನಗರಕ್ಕೆ ಹೋಗಿದ್ದರು. ರೂಮಿನಲ್ಲಿ ನಾನೊಬ್ಬಳೇ, ಹಾಗಾಗಿ ನಾನೇ ಮಹಾರಾಣಿ. ಹೊಸದಾಗಿ ಜಿಮ್ ತೆರೆದವರೊಬ್ಬರು ಬಂದರು. ಕ್ಯಾಮೆರಾ ಹಾಕಿಸಿದ್ದಾರೆ, ಅದನ್ನು ಮನೆಯಿಂದ ನೋಡಬೇಕು, ಅದಕ್ಕೆ ಅವರದ್ದೇ ಸ್ವಂತ ನಂಬರ್ ಬೇಕು. ಕ್ಯಾಮೆರಾ ಹಳೆಯ ಕಾಲದ್ದು, ಹೊಸ ನಂಬರ್ ಅದಕ್ಕೆ ತಿಳಿಯದು. ಸಾಧ್ಯವಾದಷ್ಟು ದಿನ ಹಳೆಯದರಲ್ಲೇ ಇರಬೇಕು.

ಗೋಡೆಗೆ ಅಂಟಿಸಿದ್ದ ಪಟ್ಟಿ ನೋಡಿದೆ. ಎಲ್ಲ ನಂಬರಿನ ಎದುರೂ ಒಂದೊಂದು ಹೆಸರು. ಎರಡನೇ ನಂಬರಿನ ಎದುರು ಮಾತ್ರ ಏನೂ ಇಲ್ಲ, ಒಂದು ಚುಕ್ಕಿ. ಬೋರ್ಡಿನಲ್ಲಿ ಎರಡು ಕೆಂಪಗಿತ್ತು. ಹೆಸರೂ ಇಲ್ಲ, ದೀಪವೂ ಇಲ್ಲ, ಅಂದರೆ ಖಾಲಿ. ಜಿಮ್ಮಿನವರಿಗೆ ಎರಡನ್ನು ಕೊಟ್ಟುಬಿಟ್ಟೆ. ಇಷ್ಟು ಸಣ್ಣ ನಂಬರ್ ಬೆಂಗಳೂರಿನಲ್ಲಿ ಯಾರಿಗೂ ಇಲ್ಲ, ಗಾಡಿಯ ಫ್ಯಾನ್ಸಿ ನಂಬರಿನ ಹಾಗೆ ಎಂದೂ ಹೊಗಳಿದೆ. ಅವರು ಬಹಳ ಖುಷಿಯಾಗಿ ಹೋದರು.

ಅಂಕಲ್ ಬಂದ ಮೇಲೆ ಇದನ್ನೆಲ್ಲ ಕುಣಿದು ಹೇಳಿದೆ. ಅವರು ಕೈಯಲ್ಲಿದ್ದ ಚೀಲವನ್ನು ಕೆಳಗಿಡಲೂ ಮರೆತು ಬೋರ್ಡನ್ನು ನೋಡಿದರು.

"ನಮ್ ಗಲ್ಲೀಲಿ ಕರೆಂಟ್ ಹೋಗಿತ್ತು" ಅಂದರು. "ಅದಕ್ಕೇ ಕೆಂಪಗಿತ್ತು. ಎರಡು ನಮ್ಮನೆ ಬೇಟಾ."

"ನಿಮ್ಮನೇಲಿ ಯಾರೂ ಇರಲ್ವಲ್ಲ ಅಂಕಲ್."

ಈಗ ಅದನ್ನು ಬರೆಯುವಾಗ... ಇರಲಿ. ಆಗ ಅದು ನನಗೆ ಬರೀ ಲೆಕ್ಕ. ಯಾರೂ ಇಲ್ಲದ ಮನೆಗೆ ನಂಬರ್ ಯಾಕೆ.

"ಹೌದು. ಯಾರೂ ಇರಲ್ಲ." ಚೀಲ ಕೆಳಗಿಟ್ಟರು. "ಪಟ್ಟೀಲಿ ಮನೆಯವ್ರ ಹೆಸ್ರು ಬರೀಲಿಲ್ಲ, ನಂದೇ ತಪ್ಪು. ಮನೆಯವ್ರ ಹೆಸ್ರು ಗೋಡೆಗೆ ಯಾಕೆ ಅಂತ ಬಿಟ್ಟೆ."

ನಾನು ಈಗಲೇ ಜಿಮ್ಮಿನವರಿಂದ ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆ. ಬೇಡ ಅಂದರು. ಕೊಟ್ಟಿದ್ದನ್ನು ಕೇಳುವುದು ಚೆನ್ನಾಗಿರುವುದಿಲ್ಲ, ಹೇಗೂ ಇನ್ನು ಮೂರು ವಾರಕ್ಕೆ ಹಳೆಯ ನಂಬರುಗಳೆಲ್ಲ ಹೋಗುವವೇ ಅಂದರು. ಆ ದಿನ ಖಾರದ ಬನ್ ತರಿಸಿದರು, ತಾವು ತಿನ್ನಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಒಂದೂವರೆ. ಜಿಮ್ಮಿನವರು ಮಧ್ಯಾಹ್ನದ ಹೊತ್ತು ಬಾಗಿಲು ಹಾಕುತ್ತಿದ್ದರು, ಹಾಕುವಾಗ ಮೈನ್ ಸ್ವಿಚ್ಚನ್ನೂ ಆರಿಸುತ್ತಿದ್ದರು. ಬೋರ್ಡಿನಲ್ಲಿ ಎರಡು ಕೆಂಪಾಯಿತು. ನನ್ನ ಜೊತೆ ಏನೋ ಮಾತಾಡುತ್ತಿದ್ದ ಅಂಕಲ್ ಮಾತು ನಿಲ್ಲಿಸಿ, ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಎದ್ದವರು ಬೋರ್ಡ್ ನೋಡುತ್ತ ಹಾಗೇ ನಿಂತರು. ದೀಪ ಕೆಂಪಗೇ ಇತ್ತು. ಮತ್ತೆ ಕೂತರು.

ಅದರ ಮರುದಿನವೂ ಹಾಗೇ ಎದ್ದರು. ಹಾಗೇ ಕೂತರು.

ಮೂರನೆಯ ದಿನ ನಾನು ಕೇಳಿದೆ. ಅಂಕಲ್ ವೈರಿನ ತುದಿ ಸುಲಿಯುತ್ತ ಹೇಳಿದರು. ಇಷ್ಟೇ. ಈ ರೂಮಿನ ಸದ್ದಿನಲ್ಲಿ ಫೋನ್ ಕೇಳಿಸುವುದಿಲ್ಲ. ಅದಕ್ಕೆ ಅವರ ಹೆಂಡತಿ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ, ಅಡುಗೆಯಾದ ಮೇಲೆ, ಮನೆಯ ಡಬ್ಬಿಯನ್ನು ಒಂದು ಸಲ ಆರಿಸಿ ಹಾಕುತ್ತಿದ್ದರು. ಬೋರ್ಡಿನಲ್ಲಿ ಎರಡು ಕೆಂಪಾಗಿ ಮತ್ತೆ ಹಸಿರಾದರೆ, ಊಟಕ್ಕೆ ಬನ್ನಿ ಎಂದರ್ಥ. ಮೊದಲ ಕನೆಕ್ಷನ್ ಅವರ ಮನೆಯದೇ, ಒಂದನೇ ನಂಬರ್ ಮಷೀನಿಗೆ, ಎರಡನೇದು ಹೆಂಡತಿಗೆ. ಆಕೆ ತೀರಿಹೋಗಿ ನಾಲ್ಕು ವರ್ಷ. ಡಬ್ಬಿಯನ್ನು ಮಾತ್ರ ಅಂಕಲ್ ಆರಿಸಿರಲಿಲ್ಲ. ಕರೆಂಟ್ ಹೋಗಿ ಬಂದಾಗ ಎರಡು ಒಮ್ಮೊಮ್ಮೆ ಕೆಂಪಾಗಿ ಹಸಿರಾಗುತ್ತಿತ್ತು.

"ಹಸಿವಾಗ್ಬಿಡ್ತಿತ್ತು ಬೇಟಾ, ನೋಡ್ತಿದ್ದಂಗೇ" ಅಂದರು.

ಆ ದಿನ ಕೆಳಗೆ ಕೂಗಿ ಖಾರದ ಬನ್ ತರಿಸಿದ್ದು ನಾನು.

ಹೊಸ ನಂಬರುಗಳಿಗೆ ಬೋರ್ಡಿನಲ್ಲಿ ಬೇರೆಯೇ ಸಾಲು ಮಾಡಿದ್ದೆವು. ವಾರ ಕಳೆದಂತೆ ಅಲ್ಲಿ ಒಂದೊಂದೇ ದೀಪ ಹೊತ್ತಿಕೊಂಡಿತು. ಕೊನೆಯ ವಾರ ಬಂದಾಗ ಎಲ್ಲ ಮನೆಯೂ ದಾಟಿಯಾಗಿತ್ತು, ಜಿಮ್ಮಿನವರೂ ಬೇರೆ ಕ್ಯಾಮೆರಾ ತಂದು ಹೊಸ ನಂಬರಿಗೆ ಬಂದಿದ್ದರು. ಉಳಿದದ್ದು ಅಂಕಲ್ ಮನೆ. ನಾಳೆ ನಾಳೆ ಅನ್ನುತ್ತಿದ್ದರು. ಕೊನೆಗೆ ನಾನೇ ಅವರ ಮನೆಯ ನಂಬರನ್ನು ಕಾಗದದಲ್ಲಿ ಬರೆದು ಅವರ ಮುಂದಿಟ್ಟೆ. ಬಾಲದಲ್ಲಿ ಎರಡು.

ಅವರು ಕನ್ನಡಕ ಇಳಿಸಿಕೊಂಡು ಓದಿದರು. "ಇದು ಮತ್ತೆ ಇನ್ಯಾರಿಗಾದ್ರೂ ಹೋಗತ್ತಾ?"

"ಹೋಗಲ್ಲ ಅಂಕಲ್. ಇದ್ರಲ್ಲಿ ಎಷ್ಟು ನಂಬರ್ ಇದೆ ಅಂದ್ರೆ, ಹಲಸೂರು ಕೆರೇಲಿರೋ ಒಂದೊಂದು ಮೀನಿಗೂ ಒಂದೊಂದು ಕೊಟ್ಟು, ಮೀನಿನ ಮೈಮೇಲಿರೋ ಒಂದೊಂದು ಚಿಪ್ಪಿಗೂ ಕೊಟ್ಟು, ಪ್ರಪಂಚದ ಎಲ್ಲಾ ಕೆರೆಗೂ ಹಂಗೇ ಮಾಡಿದ್ರೂ ಡಬ್ಬೀಲಿ ತಳ ಕಾಣಲ್ಲ. ಯಾರ್ದೂ ಯಾರ್ಗೂ ಕೊಡೋ ಅವಶ್ಯಕತೇನೇ ಇಲ್ಲ."

ನಾನು ಹೇಳಿದ ಅಷ್ಟೂ ಸುಳ್ಳುಗಳ ಮಧ್ಯೆ ಅದೊಂದು ಪೂರ್ತಿ ನಿಜ.

ಹಳೆಯ ನಂಬರುಗಳನ್ನು ವಾಪಸ್ ಕೊಡುವ ದಿನ ಅಂಕಲ್ ನನ್ನನ್ನು ಬೋರ್ಡಿನ ಮುಂದೆ ಕೂರಿಸಿ, ಪ್ಲಾಸ್ಟರಿನ ಸುರುಳಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದರು. ಮೊದಲು ಹಳೆಯ ಸಾಲು ಕೆಂಪಾಯಿತು, ಒಂದೇ ಏಟಿಗೆ, ಪೂರ್ತಿ. ಆದರೆ ಹೊಸ ಸಾಲು ಹಸಿರಾಗೇ ಇತ್ತು. ಕೆಳಗೆ ಬೇಕರಿಯಲ್ಲಿ ಹಾಡು ನಿಲ್ಲಲಿಲ್ಲ. ಒಂದು ಫೋನೂ ಬರಲಿಲ್ಲ. ಯಾರಿಗೂ ಗೊತ್ತೇ ಆಗದ ಹಾಗೆ ಇಡೀ ಏರಿಯಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿತ್ತು.

ಸ್ವಲ್ಪ ಹೊತ್ತಿಗೆ ಹೊಸ ಸಾಲಿನ ಮೊದಲಲ್ಲಿ ಎರಡು ಹಸಿರಾಯಿತು. ಖಾಲಿ ರೂಮಿನಲ್ಲಿ ಚಪ್ಪಾಳೆ ಹೊಡೆದೆ. ಹೊಡೆಯುತ್ತಿದ್ದಂತೆಯೇ ಕೆಂಪಾಯಿತು. ನಾನೇ ಏನೋ ಕೆಡಿಸಿದೆ ಎಂದು ಕೀಬೋರ್ಡನ್ನು ದೂರ ತಳ್ಳಿದೆ. ಮತ್ತೆ ಹಸಿರಾಯಿತು, ಹಾಗೇ ನಿಂತಿತು. ಗಡಿಯಾರ ನೋಡಿದೆ. ಒಂದೂವರೆ.

ಬೀಗ ಹಾಕಿಕೊಂಡು ಓಡಿದೆ. ಅಂಕಲ್ ಚಾಪೆಯ ಮೇಲೆ ಎರಡು ತಟ್ಟೆ ಇಟ್ಟುಕೊಂಡು ಕೂತಿದ್ದರು. ಕುಷ್ಕಾ ಅನ್ನ, ಅದಕ್ಕೆ ಕಲಸಿಕೊಳ್ಳಲು ಬೇಳೆಯ ದಾಲ್ಚಾ. ದಾಲ್ಚಾದಲ್ಲಿ ಉಪ್ಪು ಎಷ್ಟಿತ್ತೆಂದರೆ ಸಮುದ್ರದವರು ಬಂದು ಸಾಲ ಕೇಳಬೇಕು. ಗೋಡೆಯ ಮೇಲೆ ಡಬ್ಬಿ, ಮೈತುಂಬ ಹೊಸ ಪ್ಲಾಸ್ಟರ್.

"ಲೇಟಾಯ್ತು" ಅಂದರು. "ಆರೋಗ್ತಿತ್ತು."

ಆಮೇಲೆ ನನಗೂ ಒಂದು ಆಜ್ಞೆಯಾಯಿತು. ಮನೆಯಲ್ಲಿ ಒಬ್ಬಳೇ ಇರುವ ದಿನ ಊಟ ಮಾಡಿದ ಮೇಲೆ ಡಬ್ಬಿಯನ್ನು ಒಂದು ಸಲ ಆರಿಸಿ ಹಾಕಬೇಕು. ಅರವತ್ತೊಂದು ಕೆಂಪಾಗಿ ಹಸಿರಾದರೆ ಅವರಿಗೆ ಸಮಾಧಾನ, ಅವರೂ ಊಟಕ್ಕೆ ಏಳುತ್ತಾರೆ. ಅಮ್ಮ ಇದನ್ನು ಕೇಳಿ, "ನಾನು ದಿನಾ ಫೋನ್ ಮಾಡಿ ಉಂಡ್ಯಾ ಅಂದ್ರೆ ಉತ್ತರ ಕೊಡಲ್ಲ, ಡಬ್ಬಿಗಾದ್ರೆ ಕೊಡ್ತೀಯ" ಅಂದಳು. ಅಮ್ಮನ ಕಡೆಯಿಂದ ಅಂಕಲ್‌ಗೆ ಪ್ಲಾಸ್ಟರಿನ ಒಂದು ದೊಡ್ಡ ಬಾಕ್ಸ್ ಹೋಯಿತು.

ಒಂದು ವರ್ಷ ಸರಿಯಾಗಿ ಮಾಡಿದೆ. ಆಮೇಲೆ ಪಿಯುಸಿ, ಹೊಸ ಕಾಲೇಜು, ಹೊಸ ಗೆಳತಿಯರು. ಅವರ ಮುಂದೆ ಬೇಕರಿ ಮೆಟ್ಟಿಲು ಹತ್ತಲು ನಾಚಿಕೆಯಾಯಿತು. ಮಿಲಿಟರಿಯ ರಹಸ್ಯ ವಿಭಾಗದ ಕಥೆಯನ್ನು ಅಷ್ಟು ವಯಸ್ಸಿನವರು ನಂಬುವುದಿಲ್ಲವಲ್ಲ. ಹೋಗುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ತಿಂಗಳಿಗೊಮ್ಮೆ... ದೀಪ ಮಾತ್ರ ಬಿಡಲಿಲ್ಲ. ಬಿಡಲಿಲ್ಲ ಅನ್ನುವುದಕ್ಕಿಂತ, ಉಣ್ಣದ ದಿನವೂ ಸ್ವಿಚ್ ಒತ್ತುತ್ತಿದ್ದೆ. ಹಾಸಿಗೆಯಿಂದ ಏಳದೆ, ಕಾಲ್ಬೆರಳಿನಲ್ಲಿ. ಎಲ್ಲೋ ಬೇಕರಿಯ ಮೇಲೆ ಒಬ್ಬರು ಅದನ್ನು ನಂಬಿ ಊಟಕ್ಕೆ ಎದ್ದರು ಅಂದುಕೊಳ್ಳುತ್ತಿದ್ದೆ.

ಅಂಕಲ್ ಕೂತಲ್ಲೇ ಹೋದರಂತೆ, ಮನೆಯಲ್ಲಿ, ಒಂದು ಬೆಳಿಗ್ಗೆ. ನನಗೆ ತಿಳಿದದ್ದು ಹನ್ನೊಂದು ದಿನದ ಮೇಲೆ. ನನಗೊಬ್ಬಳಿಗೇ ಅಲ್ಲ, ನಮ್ಮ ರಸ್ತೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಹಲಸೂರಿನಲ್ಲಿದ್ದ ಅಣ್ಣನ ಮನೆಯವರು ಬಂದು ಅಲ್ಲಿಗೇ ಕರೆದೊಯ್ದು ಮಣ್ಣು ಮಾಡಿದ್ದರು. ಬೇಕರಿಯವರು ಊರಿಗೆ ಹೋಗಿದ್ದರು, ವಾಪಸ್ ಬಂದ ಮೇಲೆ ಅವರೇ ಹೇಳಿದ್ದು. ಅಂಕಲ್ ಇಲ್ಲ ಎಂದು ಗೊತ್ತಾಗಬೇಕಾದರೆ ಯಾರದಾದರೂ ನೆಟ್ ಹೋಗಬೇಕಿತ್ತು, ಯಾರಾದರೂ ಬೈಯಲು ಮೆಟ್ಟಿಲು ಹತ್ತಬೇಕಿತ್ತು. ಹನ್ನೊಂದು ದಿನದಲ್ಲಿ ಒಂದು ಸಲವೂ ನೆಟ್ ಹೋಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿಟ್ಟಿದ್ದರು. ಆ ಹನ್ನೊಂದು ದಿನವೂ ನಾನು ಸ್ವಿಚ್ ಒತ್ತಿದ್ದೆ.

ಅವರ ಅಣ್ಣನ ಮಗ ಮನೆಗಳನ್ನೆಲ್ಲ ಒಂದು ದೊಡ್ಡ ಕಂಪನಿಗೆ ಒಪ್ಪಿಸಲು ಬಂದಾಗ, ಬೋರ್ಡಿನ ಪಾಸ್‌ವರ್ಡ್ ಗೊತ್ತಿದ್ದದ್ದು ನನಗೊಬ್ಬಳಿಗೆ. ಹೋದೆ. ಕುರ್ಚಿಯ ಮೇಲೆ ಧೂಳು ಕೂತಿತ್ತು. ಸ್ಕ್ರೀನ್ ಹೊತ್ತಿಸಿದರೆ ಸಾಲು ಪೂರ್ತಿ ಹಸಿರು. ಹದಿನೇಳು ಹಸಿರು, ಮೂವತ್ತೇಳು ಹಸಿರು, ಅರವತ್ತೊಂದು ಹಸಿರು. ಮೊದಲಲ್ಲಿ, ಬೀಗ ಹಾಕಿದ ಮನೆಯಲ್ಲಿ, ಎರಡನೇ ನಂಬರೂ ಹಸಿರು.

"ಇದೆಲ್ಲಾ ಇನ್ನು ಬೇಡ ಅಲ್ವಾ?" ಎಂದು ನನ್ನನ್ನು ಕೇಳಿ ಅಣ್ಣನ ಮಗ ಮಷೀನಿನ ಸ್ವಿಚ್ ತೆಗೆದರು. ಫ್ಯಾನುಗಳು ಒಂದೊಂದಾಗಿ ನಿಂತವು. ಆ ರೂಮು ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ನೋಡಿರಲಿಲ್ಲ. ಅಲ್ಲಿ ಈಗ ಯಾರ ಫೋನ್ ಬಂದಿದ್ದರೂ ಕೇಳಿಸುತ್ತಿತ್ತು.

ಕಳೆದ ವಾರ ಬಂದಿದ್ದ ಟೆಕ್ನಿಷಿಯನ್ ಹೊಸ ಡಬ್ಬಿ ಕೂರಿಸಿದರು. ನಮ್ಮ ನಂಬರ್ ಎಷ್ಟು ಎಂದು ಕೇಳಿದೆ. "ಅದು ತಾನೇ ಬರತ್ತೆ ಮೇಡಂ, ಆಗಾಗ ಚೇಂಜ್ ಆಗ್ತಿರತ್ತೆ. ಯಾಕೆ?" ಅಂದರು. ಸುಮ್ಮನೆ ಅಂದೆ. ಹಳೆಯದನ್ನು ತೆಗೆದುಕೊಂಡು ಹೋಗಲೇ ಎಂದರು. ಬೇಡ, ಅದಕ್ಕೆ ಇನ್ನೂ ಹೊಲಿಗೆ ಬಿಚ್ಚಿಲ್ಲ ಅಂದೆ. ಅವರು ಮತ್ತೆ ನಕ್ಕು ಹೊರಟರು.

ಅವರು ಹೋದ ಮೇಲೆ ಪ್ಲಾಸ್ಟರನ್ನು ಬೆರಳಿನಲ್ಲಿ ಸುತ್ತುತ್ತ ಓದಿದೆ. ಅಂಕೆ, ಅಕ್ಷರ, ಎರಡು ಚುಕ್ಕಿ, ಮತ್ತೆ ಅಂಕೆ. ಅವರ ಕೈ ನಡುಗಿದ ಕಡೆ ಸ್ವಲ್ಪ ಸೊಟ್ಟ. ಮೂರನೇ ಸುತ್ತಿನ ಕೊನೆಯಲ್ಲಿ ಅರವತ್ತೊಂದು, ದಪ್ಪಗೆ, ಎರಡು ಸಲ ತಿದ್ದಿದ್ದು.

ಅಮ್ಮ ಡ್ಯೂಟಿಗೆ ಹೋಗಿದ್ದಳು. ಬೆಳಿಗ್ಗೆ ಮಾಡಿಟ್ಟಿದ್ದ ಅನ್ನ ಸಾರು ಬಿಸಿ ಮಾಡಿಕೊಂಡು, ತಟ್ಟೆ ಹಿಡಿದು, ನೆಟ್ಟಗೆ ಕೂತು ಪೂರ್ತಿ ಉಂಡೆ. ತಟ್ಟೆ ತೊಳೆದಿಟ್ಟೆ. ಆಮೇಲೆ ಹಳೆಯ ಡಬ್ಬಿಗೆ ವೈರ್ ಸಿಕ್ಕಿಸಿ ಸ್ವಿಚ್ ಹಾಕಿದೆ. ದೀಪ ಕಿತ್ತಳೆ ಬಣ್ಣದಲ್ಲಿ ಮಿಟುಕಿತು, ಮಿಟುಕುತ್ತಲೇ ಇತ್ತು, ಆ ಕಡೆ ಯಾರನ್ನೋ ಹುಡುಕುವ ಹಾಗೆ. ಒಂದು ಸಲ ಆರಿಸಿದೆ. ಮತ್ತೆ ಹಾಕಿದೆ.